ಹಟ್ಟಿಯ ಬಾಗಿಲಲ್ಲಿ ಆಶೀರ್ವಾದ: ನೆದರ್ಲೆಂಡ್ಸಿನ ಕ್ರೈಸ್ತರೂ ಅವರ ಪಶುಪ್ರಾಣಿಗಳೂ



ಪ್ರತಿವರ್ಷವೂ ಅಕ್ಟೋಬರ್ 4ರಂದು, ಎಂದರೆ ಅಸ್ಸಿಸಿಯ ಸಂತ ಫ್ರಾನ್ಸಿಸನ ಹಬ್ಬದ ದಿನ, ಇಲ್ಲವೆ ಅದಕ್ಕೆ ಹತ್ತಿರದ ಭಾನುವಾರ, ನೆದರ್ಲೆಂಡ್ಸಿನ ಹಲವು ಊರುಗಳ ದೇವಾಲಯಗಳಲ್ಲಿ ಮಿಕ್ಕ ದಿನಗಳಲ್ಲಿ ಹೊಸ್ತಿಲು ದಾಟದ ಒಂದು ಸಭೆ ನೆರೆಯುತ್ತದೆ. ಒಡೆಯನ ಪಕ್ಕದಲ್ಲಿ ಬಾಲವಾಡಿಸುತ್ತ ಕುಳಿತ ನಾಯಿ, ಬುಟ್ಟಿಯೊಳಗಿಂದ ಕಣ್ಣು ಮಿಟುಕಿಸುವ ಬೆಕ್ಕು, ಮಗುವಿನ ತೋಳಿನಲ್ಲಿ ಅದುರುತ್ತಿರುವ ಮೊಲ, ಅಂಗಳದಲ್ಲಿ ನೆಲ ಕೆರೆಯುತ್ತ ನಿಂತ ಕುದುರೆ, ಇವುಗಳ ಮುಂದೆ ಯಾಜಕನು ಬಂದು ನಿಂತು, ಪ್ರಾರ್ಥನೆ ಹೇಳಿ, ಪವಿತ್ರ ಜಲವನ್ನು ಪ್ರೋಕ್ಷಿಸಿ ಹರಸುತ್ತಾನೆ. ಈ ದಿನಾಂಕ ಪ್ರಾಣಿಗಳ ಹಬ್ಬವಾದ ಕಥೆ ತೀರ ಹಳೆಯದಲ್ಲ. ಬರ್ಲಿನ್ನಿನ ಲೇಖಕ ಹೈನ್ರಿಖ್ ಝಿಮ್ಮರ್‌ಮನ್ 1925ರ ಮಾರ್ಚ್ ತಿಂಗಳಲ್ಲಿ ಮೊದಲ ಪ್ರಾಣಿದಿನವನ್ನು ಏರ್ಪಡಿಸಿದನು. 1929ರಲ್ಲಿ ಅದು ಫ್ರಾನ್ಸಿಸನ ಹಬ್ಬಕ್ಕೆ ಬಂದು ಸೇರಿತು. 1931ರಲ್ಲಿ ಫ್ಲಾರೆನ್ಸಿನಲ್ಲಿ ಕೂಡಿದ ಪ್ರಾಣಿರಕ್ಷಕರ ಸಮ್ಮೇಳನ ಅದನ್ನು ಲೋಕಕ್ಕೆಲ್ಲ ಸಾರಿತು. ಡಚ್ಚರ ಮನೆಗಳಲ್ಲಿ ಅಂದು ಸಾಕುಪ್ರಾಣಿಗಳಿಗೆ ವಿಶೇಷವಾದ ತಿನಿಸು ದೊರೆಯುತ್ತದೆ, ಮಕ್ಕಳಿಗೆ ಸಂಭ್ರಮವೋ ಸಂಭ್ರಮ.

ಇದನ್ನು ಮಕ್ಕಳ ಸಂತೋಷವೆಂದು ಕಂಡು ಮುಗುಳ್ನಗೆಯಿಂದ ದಾಟಿಹೋಗುವವರುಂಟು; ಆತ್ಮವಿಲ್ಲದ ಜೀವಿಗೆ ಆಶೀರ್ವಾದವೇಕೆ ಎಂದು ಹುಬ್ಬುಗಂಟಿಕ್ಕುವ ಪಂಡಿತರೂ ಉಂಟು. ಈ ಇಬ್ಬರೂ ವಿಷಯದ ಗಾಂಭೀರ್ಯವನ್ನು ಕಾಣಲಿಲ್ಲವೆಂದು ನಾನು ಭಾವಿಸುತ್ತೇನೆ. ಮನುಷ್ಯನು ಒಂದು ಪ್ರಾಣಿಯನ್ನು ದೇವರ ಮುಂದೆ ತಂದು ನಿಲ್ಲಿಸಿ ಹರಸೆಂದು ಬೇಡುವಾಗ, ಆ ಪ್ರಾಣಿ ಮೂಲತಃ ತನ್ನದಲ್ಲವೆಂದೂ, ಅದನ್ನು ನಡೆಸಿಕೊಂಡ ಬಗೆಗೆ ತಾನು ಲೆಕ್ಕ ಒಪ್ಪಿಸಬೇಕಾದವನೆಂದೂ ಬಹಿರಂಗವಾಗಿ ಒಪ್ಪಿಕೊಂಡಂತಾಗುತ್ತದೆ. ಹರಕೆ ಪ್ರಾಣಿಯ ಮೇಲೆ ಬಿದ್ದರೂ ಕಟ್ಟುಬೀಳುವವನು ಮನುಷ್ಯ. ಈ ದೃಷ್ಟಿಯಿಂದ ನೋಡಿದಾಗ ನೆದರ್ಲೆಂಡ್ಸಿನಂಥ ದೇಶದಲ್ಲಿ, ಒಂದು ಕೋಟಿ ಎಂಬತ್ತು ಲಕ್ಷ ಜನರ ಆಸುಪಾಸಿನಲ್ಲಿ ಒಂದು ಕೋಟಿಯಷ್ಟು ಹಂದಿಗಳೂ ಮೂವತ್ತೈದು ಲಕ್ಷಕ್ಕೂ ಮಿಕ್ಕಿದ ದನಗಳೂ ಸುಮಾರು ಹತ್ತು ಕೋಟಿ ಕೋಳಿಗಳೂ ಬದುಕುವ ಆ ಪುಟ್ಟ ನಾಡಿನಲ್ಲಿ, ಯಾವ ಪ್ರಾಣಿ ದೇವಾಲಯಕ್ಕೆ ಬಂದಿತು, ಯಾವುದು ಬರಲಿಲ್ಲ ಎಂಬುದು ಬಹು ದೊಡ್ಡ ಪ್ರಶ್ನೆಯಾಗಿ ನಿಲ್ಲುತ್ತದೆ.

ಕ್ರೈಸ್ತ ಶಾಸ್ತ್ರದಲ್ಲಿ ಇದಕ್ಕೆ ಆಧಾರ ಸಾಲದೆಂದು ಯಾರೂ ಹೇಳಲಾರರು. ಜಲಪ್ರಳಯದ ತರುವಾಯ ದೇವರು ಮಾಡಿದ ಒಡಂಬಡಿಕೆ ನೋಹನೊಡನೆ ಮಾತ್ರ ಆದದ್ದಲ್ಲ, ನಾವೆಯಿಂದ ಹೊರಬಂದ ಸಕಲ ಪ್ರಾಣಿಗಳೊಡನೆಯೂ ಆದದ್ದೆಂದು ಆದಿಕಾಂಡವು ಮತ್ತೆ ಮತ್ತೆ ಹೇಳುತ್ತದೆ. ಕಣ ತುಳಿಯುವ ಎತ್ತಿನ ಬಾಯಿಗೆ ಕುಕ್ಕೆ ಹಾಕಬಾರದೆಂದು ಧರ್ಮೋಪದೇಶಕಾಂಡದ ವಿಧಿ; ಮರಿಗಳೊಡನೆ ತಾಯಿಹಕ್ಕಿಯನ್ನೂ ಹಿಡಿಯಬಾರದೆಂದು ಅದರದೇ ಇನ್ನೊಂದು ವಿಧಿ. ನಿನೆವೆ ನಗರವನ್ನು ಉಳಿಸಿದ್ದಕ್ಕೆ ಮುನಿಸಿಕೊಂಡ ಯೋನನಿಗೆ ದೇವರು ಸಮಾಧಾನ ಹೇಳುವಾಗ ಅಲ್ಲಿಯ ಅಸಂಖ್ಯಾತ ಜನರ ಜೊತೆಗೆ ದನಕರುಗಳನ್ನೂ ಎಣಿಕೆಗೆ ತಂದುಕೊಳ್ಳುತ್ತಾನೆ, ಮತ್ತು ಆ ಗ್ರಂಥವು ಆ ದನಗಳ ಮಾತಿನೊಂದಿಗೇ ಮುಗಿಯುತ್ತದೆ. 1614ರಲ್ಲಿ ರೋಮಿನಲ್ಲಿ ಪ್ರಕಟವಾದ ವಿಧಿಗ್ರಂಥದ ಪರಂಪರೆಯಲ್ಲಿ ಕುದುರೆಗೆ, ಕೊಟ್ಟಿಗೆಗೆ, ಜೇನುಹುಳುಗಳಿಗೆ, ರೋಗಪೀಡಿತವಾದ ಪಶುಗಳಿಗೆ ಬೇರೆ ಬೇರೆ ಆಶೀರ್ವಾದಗಳಿವೆ. ಇವೆಲ್ಲವೂ ಕೃಷಿಕನ ಬದುಕಿನಿಂದ ಹುಟ್ಟಿದ ಪ್ರಾರ್ಥನೆಗಳು. ಹಸು ಸತ್ತರೆ ಮನೆಯೇ ಮುಳುಗುವ ಕಾಲದಲ್ಲಿ ಯಾಜಕನು ಹಟ್ಟಿಯ ಬಾಗಿಲಿಗೆ ಬಂದು ನಿಂತು ಓದಿದಂಥವು.

ಆ ಕಾಲದ ಒಂದು ಉಸಿರು ಇಂದಿಗೂ ಉಳಿದಿರುವ ಸ್ಥಳವೆಂದರೆ ದಕ್ಷಿಣ ಲಿಂಬರ್ಗ್ ಪ್ರಾಂತದ, ಬೆಲ್ಜಿಯಮ್ಮಿನ ಗಡಿಗೆ ಅಂಟಿಕೊಂಡಿರುವ ನೋರ್ಬೇಕ್ ಎಂಬ ಗ್ರಾಮ. ಹತ್ತಿರದ ಮಾಸ್ಟ್ರಿಕ್ಟ್ ನಗರವನ್ನು ರಾಜಕುಮಾರ ಫ್ರೆಡರಿಕ್ ಹೆಂಡ್ರಿಕ್ 1632ರಲ್ಲಿ ಮುತ್ತಿಗೆ ಹಾಕಿ ಹಿಡಿದ ಮೇಲೆ ಆ ಸೀಮೆಯೆಲ್ಲ ಯುದ್ಧದಿಂದ ತತ್ತರಿಸಿತ್ತು; ಅದರ ಬೆನ್ನಲ್ಲಿಯೇ ದನಗಳಿಗೆ ಜಾಡ್ಯ ತಗುಲಿತು. ಊರಿನವರು ಐರ್ಲೆಂಡಿನ ಸಂತ ಬ್ರಿಜಿಡಾಳಿಗೆ, ಪಶುಗಳನ್ನು ಕಾಯುವ ತಾಯಿಯೆಂದು ಜನಪದರು ನಂಬಿದ ಆ ಕನ್ಯೆಗೆ, ವರ್ಷಕ್ಕೊಂದು ಮರವನ್ನು ನೆಡುವೆವೆಂದು ಹರಕೆ ಹೊತ್ತರು. ಅದು 1634ರ ಮಾತೆಂದು ಗ್ರಾಮದ ಪರಂಪರೆ. ಅಂದಿನಿಂದ ಇಂದಿನವರೆಗೆ, ಪಾಸ್ಕ ಹಬ್ಬ ಕಳೆದ ಎರಡನೆಯ ಶನಿವಾರ, ಊರಿನ ಅವಿವಾಹಿತ ತರುಣರು ಕುದುರೆಗಳನ್ನು ಸಿಂಗರಿಸಿಕೊಂಡು ಕಾಡಿಗೆ ಹೋಗಿ, ಮುಗಿಲು ಮುಟ್ಟುವಂಥ ಒಂದು ಸೂಚಿಪರ್ಣಿ ಮರವನ್ನು ಕಡಿದು, ಗಾಡಿಯ ಮೇಲೆ ಕಟ್ಟಿ, ಹಾದಿಯುದ್ದಕ್ಕೂ ಹಾಡುತ್ತ ಎಳೆದು ತರುತ್ತಾರೆ. ಅದನ್ನು ಎತ್ತಿ ನಿಲ್ಲಿಸತಕ್ಕ ಕೆಲಸ ಮದುವೆಯಾದ ಗಂಡಸರದು. ಯಂತ್ರವನ್ನು ಮುಟ್ಟುವಂತಿಲ್ಲ. ಕತ್ತರಿಯಂತೆ ಜೋಡಿಸಿ ಕಟ್ಟಿದ ಉದ್ದನೆಯ ಗಳುಗಳನ್ನು ಕಾಂಡದ ಕೆಳಗೆ ಆನಿಸಿ, ಒಬ್ಬನು ಕೂಗಿ ಹೇಳಿದ ಕ್ಷಣಕ್ಕೆ ಎಲ್ಲರೂ ಒಟ್ಟಾಗಿ ಒಂದು ಗೇಣು ಮೇಲಕ್ಕೆ ನೂಕುವುದು, ಗಳುಗಳನ್ನು ಒಂದೊಂದಾಗಿ ಮುಂದಕ್ಕೆ ಸರಿಸಿ ಮತ್ತೆ ಆನಿಸುವುದು, ಮತ್ತೆ ನೂಕುವುದು. ಹೀಗೆ ಮರವು ನೆಟ್ಟಗೆ ನಿಲ್ಲುವ ಹೊತ್ತಿಗೆ ಹೊತ್ತು ಬಹಳ ಕಳೆದಿರುತ್ತದೆ.

ಈ ಉತ್ಸವದಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವ ಅಂಶ ಅದರ ವೈಭವವಲ್ಲ. ಹಸುವಿಗಾಗಿ ಹೊತ್ತ ಹರಕೆಯನ್ನು ಇಡೀ ಊರು ಮೈಮುರಿದು ತೀರಿಸಬೇಕೆಂಬ ಕಟ್ಟು. ದನಗಳ ರೋಗ ಯಾವ ಕಾಲಕ್ಕೋ ಹೋಯಿತು. ಋಣ ಮಾತ್ರ ಹೋಗಲಿಲ್ಲ. ನಮ್ಮ ಮೈಸೂರು ಸೀಮೆಯಲ್ಲಿ ಸಂಕ್ರಾಂತಿಯ ಸಂಜೆ ದನಗಳನ್ನು ಮೀಯಿಸಿ, ಕೊಂಬಿಗೆ ಬಣ್ಣ ಹಚ್ಚಿ, ಕಿಚ್ಚು ಹಾಯಿಸುವಾಗಲೂ, ಮುಂಗಾರಿನ ಕಾರಹುಣ್ಣಿಮೆಯಲ್ಲಿ ಎತ್ತಿನ ನೊಗ ಇಳಿಸಿ ಪೂಜಿಸುವಾಗಲೂ ರೈತನು ಸಲ್ಲಿಸುವುದು ಇದೇ ಬಗೆಯ ಋಣವನ್ನು. ಮಂಗಳೂರಿನ ಕಥೋಲಿಕರು ಸೆಪ್ಟೆಂಬರ್ 8ರ ತೆನೆಹಬ್ಬದಲ್ಲಿ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೆ ಒಯ್ದು ಹಾಲಿನಲ್ಲಿ ಬೆರೆಸಿ ಹಂಚಿಕೊಳ್ಳುವುದನ್ನು ಬಲ್ಲವರಿಗೆ ನೋರ್ಬೇಕಿನ ಮರ ಪರದೇಶದ್ದೆಂದು ತೋರಲಾರದು.

ದಕ್ಷಿಣದ ಆ ಕಥೋಲಿಕ ಪ್ರಾಂತಗಳಲ್ಲಿ ಇಂಥ ಪದ್ಧತಿಗಳು ಇನ್ನೂ ಹಲವಿವೆ. ಮಾಸ್ಟ್ರಿಕ್ಟಿನ ಧರ್ಮಾಧ್ಯಕ್ಷನಾಗಿದ್ದು 727ರಲ್ಲಿ ತೀರಿಕೊಂಡ ಸಂತ ಹ್ಯೂಬರ್ಟನ ಹಬ್ಬ ನವೆಂಬರ್ 3ರಂದು ಬರುತ್ತದೆ. ಅಂದು ಬ್ರಾಬಾಂಟ್ ಮತ್ತು ಲಿಂಬರ್ಗಿನ ದೇವಾಲಯಗಳಲ್ಲಿ ರೊಟ್ಟಿಯನ್ನು ಹರಸಿ ಕೊಡುತ್ತಾರೆ, ಹಿಂದೆ ಅದನ್ನು ಮನೆಯವರು ತಿಂದು ನಾಯಿಗೂ ಕುದುರೆಗೂ ದನಕ್ಕೂ ಒಂದೊಂದು ತುಣುಕು ಹಾಕುತ್ತಿದ್ದರು, ಹುಚ್ಚುನಾಯಿಯ ಕಡಿತದ ಭಯ ದೂರವಾಗಲೆಂದು. ಜನವರಿ 17ರಂದು ಹಬ್ಬವಿರುವ ಮರುಭೂಮಿಯ ಸಂತ ಅಂತೋಣಿಯ ಪ್ರತಿಮೆಗಳಲ್ಲಿ ಅವನ ಕಾಲಬಳಿ ಒಂದು ಹಂದಿ ಸದಾ ನಿಂತಿರುತ್ತದೆ. ಅವನ ಹೆಸರಿನ ಸನ್ಯಾಸಿಗಳು ಮಧ್ಯಯುಗದಲ್ಲಿ ರೋಗಿಗಳ ಶುಶ್ರೂಷೆ ಮಾಡುತ್ತಿದ್ದರು. ಅವರ ಹಂದಿಗಳು ಕೊರಳಿಗೆ ಗಂಟೆ ಕಟ್ಟಿಕೊಂಡು ಊರ ಬೀದಿಗಳಲ್ಲಿ ಸ್ವಚ್ಛಂದವಾಗಿ ಮೇಯುತ್ತಿದ್ದವು, ಅವಕ್ಕೆ ಉಣಿಸುವುದು ಊರವರ ಪುಣ್ಯಕಾರ್ಯವಾಗಿತ್ತು. ಈ ಅಂತೋಣಿಯ ಹಂದಿಯನ್ನು ಸಭಿಕರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು.

ಉತ್ತರದ ಪ್ರಾಟೆಸ್ಟೆಂಟರ ದಾರಿ ಬೇರೆ. ಕಾಲ್ವಿನನ ಅನುಯಾಯಿಗಳಿಗೆ ನೀರು ಚಿಮುಕಿಸಿ ವಸ್ತುಗಳನ್ನೂ ಪ್ರಾಣಿಗಳನ್ನೂ ಹರಸುವುದು ಮೂಢಾಚಾರವಾಗಿ ಕಂಡಿತು. ಹರಸುವುದು ದೇವರೊಬ್ಬನ ಕೆಲಸ, ಮನುಷ್ಯನ ಪಾಲಿಗೆ ಬಂದದ್ದು ಪ್ರಾರ್ಥನೆ ಮತ್ತು ಕೃತಜ್ಞತೆ ಎಂದು ಅವರು ಸಾಧಿಸಿದರು. ಮಾರ್ಚಿನ ಎರಡನೆಯ ಬುಧವಾರ ಬೆಳೆಗಾಗಿ ಪ್ರಾರ್ಥನೆ, ನವೆಂಬರಿನ ಮೊದಲನೆಯ ಬುಧವಾರ ಬೆಳೆಗಾಗಿ ಕೃತಜ್ಞತೆ, ಈ ಎರಡು ದಿನಗಳನ್ನು ಅವರ ಸಭೆಗಳು ಇಂದಿಗೂ ಪಾಲಿಸುತ್ತವೆ. ಇದರಿಂದ ಅವರಿಗೆ ಪ್ರಾಣಿಗಳು ಬೇಡವಾದವೆಂದು ತಿಳಿಯುವುದು ಅನ್ಯಾಯ. ಗೀದೋ ದ ಬ್ರೇ ಎಂಬ ಸಭಾಪಾಲಕನು 1561ರಲ್ಲಿ ಬರೆದು, 1618-19ರ ಡೋರ್ಡ್ರೆಕ್ಟ್ ಮಹಾಸಭೆ ಪ್ರಮಾಣವೆಂದು ಅಂಗೀಕರಿಸಿದ ವಿಶ್ವಾಸಪ್ರಕಟನೆಯ ಎರಡನೆಯ ಪ್ರಕರಣದಲ್ಲಿ ಜಗತ್ತನ್ನು ಒಂದು ಸುಂದರವಾದ ಗ್ರಂಥಕ್ಕೆ ಹೋಲಿಸಿ, ಹಿರಿಕಿರಿಯ ಜೀವಿಗಳೆಲ್ಲ ಅದರ ಅಕ್ಷರಗಳೆಂದು ಹೇಳಿದೆ. ಈ ಮಾತನ್ನು ಅಕ್ಷರಶಃ ನಂಬಿದ ಒಬ್ಬ ವಿಜ್ಞಾನಿ ಆ ನಾಡಿನಲ್ಲಿ ಹುಟ್ಟಿದನು. ಆಮ್‌ಸ್ಟರ್‌ಡ್ಯಾಮಿನ ಯಾನ್ ಸ್ವಾಮರ್‌ಡಾಮ್ ಹೇನನ್ನೂ ಜೇನುನೊಣವನ್ನೂ ಸೂಕ್ಷ್ಮದರ್ಶಕದ ಕೆಳಗೆ ಸೀಳಿ, ಜೇನುಗೂಡಿನ ರಾಜನೆಂದು ಲೋಕವು ತಿಳಿದಿದ್ದ ನೊಣದ ಒಡಲಲ್ಲಿ ಅಂಡಾಶಯವನ್ನು ಕಂಡು ಅದು ರಾಣಿಯೆಂದು ಸ್ಥಾಪಿಸಿದನು. 1675ರಲ್ಲಿ ಒಂದೇ ದಿನ ಬದುಕುವ ಮೇಹುಳುವನ್ನು ಕುರಿತು ಅವನು ಬರೆದ ಪುಸ್ತಕದಲ್ಲಿ ಶರೀರಶಾಸ್ತ್ರ ಎಲ್ಲಿ ಮುಗಿಯಿತು, ಪ್ರಾರ್ಥನೆ ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆಯುವುದು ಕಷ್ಟ. ಅವನ ಮಹಾಕೃತಿಯನ್ನು ಅವನು ಸತ್ತ ಅರ್ಧ ಶತಮಾನಕ್ಕೂ ಮೇಲೆ, 1737-38ರಲ್ಲಿ, ಬೋರ್ಹಾವ ಎಂಬ ವೈದ್ಯನು ಲೈಡನ್ ನಗರದಲ್ಲಿ ಪ್ರಕಟಿಸಿದಾಗ ಅದಕ್ಕೆ ಕೊಟ್ಟ ಹೆಸರು 'ನಿಸರ್ಗದ ಬೈಬಲ್' ಎಂದು.

ಲೈಡನ್ನಿನ ಹೆಸರು ಬಂದಿತಷ್ಟೆ. ಅಲ್ಲಿ 1637ರಲ್ಲಿ ನಡೆದ ಎರಡು ಸಂಗತಿಗಳನ್ನು ಇತಿಹಾಸಜ್ಞರು ಒಟ್ಟಿಗೆ ಇಟ್ಟು ನೋಡುವುದು ವಿರಳ. ಡೋರ್ಡ್ರೆಕ್ಟ್ ಮಹಾಸಭೆಯ ನಿರ್ಣಯದಂತೆ ಸಿದ್ಧವಾದ ಡಚ್ ಬೈಬಲ್ ಆ ವರ್ಷ ಆ ನಗರದಲ್ಲಿ ಅಚ್ಚಾಯಿತು. ಅದೇ ನಗರದಲ್ಲಿ ಅದೇ ವರ್ಷ, ಅಲ್ಲಿನ ಮುದ್ರಕ ಯಾನ್ ಮೇರನು ಕರ್ತೃವಿನ ಹೆಸರಿಲ್ಲದ ಒಂದು ಫ್ರೆಂಚ್ ಪುಸ್ತಕವನ್ನು ಹೊರತಂದನು: ಡಚ್ ನಾಡಿನಲ್ಲಿ ನೆಲೆಸಿ, ಆಮ್‌ಸ್ಟರ್‌ಡ್ಯಾಮಿನ ಕಟುಕರ ಅಂಗಡಿಗಳಿಂದ ಅಂಗಾಂಗಗಳನ್ನು ತಂದು ಛೇದಿಸುತ್ತಿದ್ದ ಡೇಕಾರ್ಟನ 'ವಿಧಾನವನ್ನು ಕುರಿತ ಪ್ರವಚನ'. ಪ್ರಾಣಿಯು ದೇವರು ನಿರ್ಮಿಸಿದ ಯಂತ್ರ, ಅದರಲ್ಲಿ ವಿವೇಕದ ಅಂಶವಿಲ್ಲ ಎಂಬ ವಾದವನ್ನು ಆ ಪುಸ್ತಕದ ಐದನೆಯ ಭಾಗ ಮಂಡಿಸುತ್ತದೆ. ಹಸುವು ಗ್ರಂಥದ ಅಕ್ಷರವೋ, ಗಡಿಯಾರದಂಥ ಯಂತ್ರವೋ? ಆ ಪುಟ್ಟ ನಾಡು ಎರಡು ಉತ್ತರಗಳನ್ನೂ ಒಂದೇ ವರ್ಷ ಮುದ್ರಿಸಿ, ಎರಡನ್ನೂ ಮನೆಯಲ್ಲಿಟ್ಟುಕೊಂಡಿತು.

ಹತ್ತು ವರ್ಷದ ಮೇಲೆ, 1647ರಲ್ಲಿ, ಪೌಲುಸ್ ಪಾಟರ್ ಎಂಬ ಇಪ್ಪತ್ತೆರಡರ ಹರೆಯ ಮೀರದ ಚಿತ್ರಕಾರನು ರಾಜರಿಗೂ ಸೇನಾಪತಿಗಳಿಗೂ ಮೀಸಲಾಗಿದ್ದ ವಿಶಾಲವಾದ ಬಟ್ಟೆಯ ಮೇಲೆ ಒಂದು ಎಳೆಯ ಗೂಳಿಯನ್ನು ಹೆಚ್ಚುಕಡಮೆ ಅದರ ನಿಜವಾದ ಗಾತ್ರದಲ್ಲಿಯೇ ಚಿತ್ರಿಸಿದನು. ಅದು ಇಂದು ಹೇಗ್ ನಗರದ ಮೌರಿಟ್ಸ್‌ಹೌಸ್ ಸಂಗ್ರಹಾಲಯದಲ್ಲಿದೆ. ಗೂಳಿಯ ಬೆನ್ನ ಸುತ್ತ ನೊಣಗಳು ಹಾರುತ್ತಿವೆ, ಕಾಲಬುಡದಲ್ಲಿ ಒಂದು ಕಪ್ಪೆ ಕುಳಿತಿದೆ, ನೆಲದ ಮೇಲೆ ಸಗಣಿ ಬಿದ್ದಿದೆ, ಒಡೆಯನಾದ ರೈತನು ಮರದ ಹಿಂದೆ ಒರಗಿ ಪಕ್ಕಕ್ಕೆ ನಿಂತಿದ್ದಾನೆ. ಯಾವ ಪವಿತ್ರ ಜಲದ ಪ್ರೋಕ್ಷಣೆಯೂ ಇಲ್ಲದೆ ಒಬ್ಬ ಡಚ್ಚನು ಒಂದು ಪಶುವಿಗೆ ಸಲ್ಲಿಸಿದ ಆಶೀರ್ವಾದವಿದೆಂದು ನಾನು ಅನೇಕ ಸಲ ಅಂದುಕೊಂಡಿದ್ದೇನೆ.

ಹದಿನೆಂಟನೆಯ ಶತಮಾನದಲ್ಲಿ ರಿಂಡರ್‌ಪೆಸ್ಟ್ ಎಂಬ ದನಗಳ ಮಹಾಮಾರಿ ಮೂರು ಬಾರಿ ಆ ದೇಶದ ಮೇಲೆ ಎರಗಿ ಹಟ್ಟಿಹಟ್ಟಿಗಳನ್ನು ಬರಿದು ಮಾಡಿತು. ಸರಕಾರ ಪ್ರಾರ್ಥನಾದಿನಗಳನ್ನು ಘೋಷಿಸಿತು, ಸಭಾಪಾಲಕರು ಪಶ್ಚಾತ್ತಾಪವನ್ನು ಬೋಧಿಸಿದರು. ಆದರೆ ಖ್ರೋನಿಂಗನ್ ಪ್ರಾಂತದ ಖೇರ್ಟ್ ರೈಂಡರ್ಸ್ ಎಂಬ ರೈತನು, ರೋಗದಿಂದ ಬದುಕುಳಿದ ಹಸುವಿನ ಕರುಗಳಿಗೆ ಮೊದಲ ಕೆಲವು ತಿಂಗಳು ಆ ರೋಗದ ತೀವ್ರತೆ ತಟ್ಟುವುದಿಲ್ಲವೆಂಬುದನ್ನು ಗಮನಿಸಿ, ಆ ಎಳೆತನದಲ್ಲಿಯೇ ಅವಕ್ಕೆ ರೋಗದ ಅಂಶವನ್ನು ಚುಚ್ಚಿ ರಕ್ಷಿಸುವ ಕ್ರಮವನ್ನು 1770ರ ದಶಕದಲ್ಲಿ ರೂಢಿಗೆ ತಂದನು. ಪೆಟ್ರುಸ್ ಕ್ಯಾಂಪರನಂಥ ವಿದ್ವಾಂಸರು ಅವನ ಬೆಂಬಲಕ್ಕೆ ನಿಂತರು. ಎದುರಿಗಿರುವ ಕರುವನ್ನು ಒಂದು ಅಕ್ಷರವೆಂಬಂತೆ ಓದಿದವನು ಈ ರೈತ. 2011ರಲ್ಲಿ ರಿಂಡರ್‌ಪೆಸ್ಟ್ ಭೂಮಿಯಿಂದಲೇ ನಿರ್ಮೂಲವಾಯಿತೆಂದು ಘೋಷಣೆಯಾದಾಗ ಅವನ ಹೆಸರನ್ನು ನೆನೆದವರು ಎಷ್ಟು ಮಂದಿಯೋ!

ಇನ್ನು ಯಂತ್ರದ ಕಥೆ. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ಹಸಿವಿನಿಂದ ಸತ್ತ ತನ್ನ ಮಕ್ಕಳನ್ನು ಕಂಡ ಆ ದೇಶ, ಮತ್ತೆಂದೂ ಅನ್ನಕ್ಕೆ ಕೊರತೆಯಾಗಬಾರದೆಂದು ನಿಶ್ಚಯಿಸಿ ಕೃಷಿಯನ್ನು ಕಟ್ಟಿತು; ಆ ನಿಶ್ಚಯವನ್ನು ಹೀಗಳೆಯುವ ಅಧಿಕಾರ ನಮಗಿಲ್ಲ. ಆದರೆ ಹಟ್ಟಿ ಕಾರ್ಖಾನೆಯಾಯಿತು. 1997ರ ಫೆಬ್ರವರಿಯಲ್ಲಿ ಬ್ರಾಬಾಂಟಿನ ಫೆನ್‌ಹೋರ್ಸ್ಟ್ ಎಂಬ ಹಳ್ಳಿಯಲ್ಲಿ ಹಂದಿಜ್ವರ ಕಾಣಿಸಿಕೊಂಡಿತು. ಮುಂದಿನ ಒಂದು ವರ್ಷದೊಳಗೆ ನೆದರ್ಲೆಂಡ್ಸಿನಲ್ಲಿ ಒಂದು ಕೋಟಿಗೂ ಹೆಚ್ಚು ಹಂದಿಗಳನ್ನು ಕೊಂದು ನಾಶಪಡಿಸಲಾಯಿತು. ಇವುಗಳಲ್ಲಿ ರೋಗ ತಗುಲಿದ ಹಟ್ಟಿಗಳವು ಅತ್ಯಲ್ಪ ಭಾಗ. ಮಿಕ್ಕವುಗಳಲ್ಲಿ ಬಹುಪಾಲು ಸತ್ತದ್ದು ಜಾಗವಿಲ್ಲದೆ. ಪ್ರಾಣಿಗಳ ಸಾಗಾಟ ನಿಷಿದ್ಧವಾದಾಗ, ಹುಟ್ಟುತ್ತಲೇ ಇದ್ದ ಮರಿಗಳಿಗೂ ಬೆಳೆಯುತ್ತಲೇ ಇದ್ದ ಹಂದಿಗಳಿಗೂ ಕೊಟ್ಟಿಗೆಯಲ್ಲಿ ನಿಲ್ಲಲು ನೆಲ ಸಾಲಲಿಲ್ಲ. ಯಂತ್ರದ ಒಂದು ಹಲ್ಲು ನಿಂತರೆ ಯಂತ್ರವೆಲ್ಲ ನಿಲ್ಲುತ್ತದೆ. ಜೀವ ಮಾತ್ರ ನಿಲ್ಲದೆ ಬೆಳೆಯುತ್ತಿರುತ್ತದೆ. ಕಾಲಬಳಿ ಹಂದಿಯನ್ನಿಟ್ಟುಕೊಂಡ ಸಂತ ಅಂತೋಣಿಯ ಪ್ರತಿಮೆಗಳು ಉಳಿದುಬಂದಿರುವುದು ಇದೇ ಬ್ರಾಬಾಂಟಿನ ದೇವಾಲಯಗಳಲ್ಲಿ.

ನಾಲ್ಕು ವರ್ಷಗಳಾಗಲು 2001ರಲ್ಲಿ ಕಾಲುಬಾಯಿ ರೋಗ ಬಂದಿತು. ಎರಡೂವರೆ ಲಕ್ಷಕ್ಕೂ ಹೆಚ್ಚು ಪಶುಗಳು ಹತವಾದವು. ಅವುಗಳಲ್ಲಿ ಬಹುಪಾಲಿಗೆ ಲಸಿಕೆ ಹಾಕಲಾಗಿತ್ತು. ಲಸಿಕೆ ಪಡೆದ ಪ್ರಾಣಿ ಇದ್ದರೆ ರಫ್ತಿನ ಮಾರುಕಟ್ಟೆ ಮುಚ್ಚಿಹೋಗುತ್ತದೆಂಬ ಕಾರಣಕ್ಕೆ, ರೋಗದಿಂದ ಉಳಿಸಿಕೊಂಡ ದನವನ್ನೇ ವ್ಯಾಪಾರಕ್ಕಾಗಿ ಕೊಂದರು. ಧರ್ಮನಿಷ್ಠೆಗೆ ಹೆಸರಾದ ಕೋಟ್‌ವೈಕರ್‌ಬ್ರೂಕ್ ಎಂಬ ಹಳ್ಳಿಯ ಜನರು ದಾರಿಗೆ ಅಡ್ಡಲಾಗಿ ನಿಂತು ಪ್ರತಿಭಟಿಸಿದರು. ತಾವು ಹೆಸರಿಟ್ಟು ಕರೆದ ಹಸುಗಳು ತಮ್ಮ ಅಂಗಳದಲ್ಲಿಯೇ ಬೀಳುವುದನ್ನು ಕಂಡ ರೈತಕುಟುಂಬಗಳ ದುಃಖವನ್ನು, ಮಾಂಸಕ್ಕಾಗಿ ಹೇಗೂ ಸಾಯಬೇಕಾದ ಪ್ರಾಣಿ ತಾನೆ ಎಂದು ಹಗುರಾಗಿ ಕಾಣುವುದು ಹೃದಯವುಳ್ಳವರಿಂದ ಆಗದ ಕೆಲಸ. ಅವರ ಕಣ್ಣೀರಿನಲ್ಲಿ ಪ್ರಾಣಿ ಯಂತ್ರವಲ್ಲವೆಂಬ ಆ ಹಳೆಯ ಅರಿವು ಇನ್ನೂ ಜೀವಂತವಾಗಿತ್ತು.

ಅಮೆರಿಕದ ಇತಿಹಾಸಕಾರ ಲಿನ್ ವೈಟ್ 1967ರಲ್ಲಿ ಪ್ರಕೃತಿಯ ದುರವಸ್ಥೆಗೆ ಪಾಶ್ಚಾತ್ಯ ಕ್ರೈಸ್ತಧರ್ಮವೇ ಹೊಣೆಯೆಂದು ಆಪಾದಿಸಿ, ಫ್ರಾನ್ಸಿಸನನ್ನು ಪರಿಸರದ ಪೋಷಕಸಂತನೆಂದು ಹೆಸರಿಸಬೇಕೆಂದು ಸೂಚಿಸಿದುದೂ, 1979ರಲ್ಲಿ ಎರಡನೆಯ ಜಾನ್ ಪಾಲ್ ಜಗದ್ಗುರುಗಳು ಹಾಗೆಯೇ ಘೋಷಿಸಿದುದೂ ಬಹುಮಂದಿಗೆ ತಿಳಿದದ್ದೇ. 2015ರಲ್ಲಿ ಫ್ರಾನ್ಸಿಸ್ ಜಗದ್ಗುರುಗಳ 'ಲೌದಾತೊ ಸಿ' ಪರಿಪತ್ರ ಬಂದ ಮೇಲೆ ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗಿನ ದಿನಗಳನ್ನು ಸೃಷ್ಟಿಯ ಕಾಲವೆಂದು ಪಾಲಿಸುವ ಕ್ರಮ ವ್ಯಾಪಿಸಿದೆ. ನೆದರ್ಲೆಂಡ್ಸಿನಲ್ಲಿ ಹಸಿರು ಸಭೆಗಳೆಂದು ಕರೆದುಕೊಳ್ಳುವ ನೂರಾರು ಧರ್ಮಸಭೆಗಳು ಚಾವಣಿಯ ಮೇಲೆ ಸೌರಫಲಕ, ಅಂಗಳದಲ್ಲಿ ಹೂವಿನ ಪಾತಿ ಎಂದು ಕೈಲಾದುದನ್ನು ಮಾಡುತ್ತಿವೆ. ಇವೆಲ್ಲ ಒಳ್ಳೆಯವೇ. ಆದರೂ ಕಠಿಣವಾದ ಪ್ರಶ್ನೆ ಸಗಣಿಯಲ್ಲಿದೆ.

ಇಷ್ಟೊಂದು ಪಶುಗಳ ಗೊಬ್ಬರದಿಂದ ಏಳುವ ಅಮೋನಿಯ ಗಾಳಿಯಲ್ಲಿ ಹಬ್ಬಿ ಕಾಡಿನ ಮೇಲೆ ಇಳಿಯುತ್ತದೆ. ಮಣ್ಣು ಹುಳಿಯಾಗುತ್ತದೆ, ಅದರಲ್ಲಿನ ಸುಣ್ಣ ತೊಳೆದುಹೋಗುತ್ತದೆ, ಸುಣ್ಣವಿಲ್ಲದ ಮಣ್ಣಿನಲ್ಲಿ ಚಿಪ್ಪಿನ ಬಸವನಹುಳು ಬದುಕದು. ಫೆಲುವ ಎಂಬ ಅರಣ್ಯಪ್ರದೇಶದ ಚೇಕಡಿ ಹಕ್ಕಿಗಳು ಮೊಟ್ಟೆಯಿಡುವ ಕಾಲಕ್ಕೆ ಆ ಚಿಪ್ಪುಗಳನ್ನು ಹುಡುಕಿ ತಿನ್ನುತ್ತವೆ. ಅವು ಸಿಗದಾದಾಗ ಮೊಟ್ಟೆಯ ಕವಚ ತೆಳುವಾಗಿ ಒಡೆಯಿತು, ಮರಿಗಳ ಕಾಲೆಲುಬು ಗೂಡಿನಲ್ಲಿಯೇ ಮುರಿಯಿತು. ಡಚ್ ವಿಜ್ಞಾನಿಗಳು 1990ರ ದಶಕದಿಂದಲೇ ಇದನ್ನು ದಾಖಲಿಸುತ್ತ ಬಂದಿದ್ದಾರೆ. ಎರಡು ಕಾಸಿಗೆ ಐದು ಮಾರಾಟವಾಗುವ ಗುಬ್ಬಿಗಳಲ್ಲಿ ಒಂದನ್ನೂ ದೇವರು ಮರೆಯುವುದಿಲ್ಲವೆಂದು ಲೂಕನ ಸುವಾರ್ತೆಯಲ್ಲಿ ಓದುವ ಕ್ರೈಸ್ತನಿಗೆ ಈ ಮರಿಯ ಮುರಿದ ಕಾಲು ಹೊರಗಿನ ವಿಷಯವಾಗಲಾರದು. 2019ರ ಮೇ 29ರಂದು ಅಲ್ಲಿಯ ಉಚ್ಚ ಆಡಳಿತ ನ್ಯಾಯಾಲಯ ಅಮೋನಿಯದಂಥ ಸಾರಜನಕ ಮಾಲಿನ್ಯವನ್ನು ಕುರಿತ ಸರಕಾರದ ಯೋಜನೆಯನ್ನು ಅಸಿಂಧುವೆಂದು ಸಾರಿದ ಮೇಲೆ, ಆ ವರ್ಷದ ಅಕ್ಟೋಬರ್ 1ರಂದು ರೈತರು ಟ್ರ್ಯಾಕ್ಟರುಗಳನ್ನು ಏರಿ ಹೇಗ್ ನಗರವನ್ನು ತುಂಬಿದರು. ಬ್ಯಾಂಕಿನ ಸಾಲ ತೆಗೆದು ಹಟ್ಟಿ ಹಿಗ್ಗಿಸೆಂದು ದಶಕಗಳ ಕಾಲ ಬುದ್ಧಿ ಹೇಳಿಸಿಕೊಂಡ ರೈತನಿಗೆ ಒಂದು ಬೆಳಗ್ಗೆ ನೀನೇ ಅಪರಾಧಿಯೆಂದರೆ ಅವನು ಕೆರಳುವುದು ಸಹಜ. ಅವನೂ, ಚೇಕಡಿಯ ಮರಿಯೂ, ಹಂದಿಯೂ ಒಂದೇ ಚಕ್ರಕ್ಕೆ ಸಿಕ್ಕಿದವರು. ಒಬ್ಬರ ಪರವಾಗಿ ನಿಲ್ಲುವ ಭರದಲ್ಲಿ ಮತ್ತೊಬ್ಬರನ್ನು ಬೈಯುವ ಪ್ರಸಂಗಿ ತನ್ನ ಕರ್ತವ್ಯವನ್ನು ಅರ್ಧ ಮಾತ್ರ ಮಾಡಿದಂತೆ.

ಆದಕಾರಣ ಅಕ್ಟೋಬರ್ 4ರ ಆಶೀರ್ವಾದವನ್ನು ನಿಲ್ಲಿಸಬೇಕೆಂದು ನಾನು ಹೇಳಲಾರೆ. ಅದು ಮತ್ತೆ ಹಟ್ಟಿಯ ಬಾಗಿಲಿಗೆ ಹೋಗಬೇಕೆಂಬುದು ನನ್ನ ಪ್ರಾರ್ಥನೆ. ನಾಯಿಯೂ ಬೆಕ್ಕೂ ದೇವಾಲಯಕ್ಕೆ ಬರುವುದು ಅವುಗಳ ಭಾಗ್ಯ. ಹಂದಿ ಬರಲಾರದು, ಯಾಜಕನೇ ಹೋಗಬೇಕು. ಅದು ಸುಲಭವಲ್ಲವೆಂದು ಬಲ್ಲೆ. ಸೋಂಕಿನ ಭಯದಿಂದ ಈಗ ಅಲ್ಲಿಯ ಅನೇಕ ಹಂದಿಸಾಕಣೆಯ ಮನೆಗಳಲ್ಲಿ ಹೊರಗಿನವರು ಬಾಗಿಲಲ್ಲಿಯೇ ಬಟ್ಟೆ ಕಳಚಿ, ತಲೆಗೆ ನೀರು ಹಾಕಿಕೊಂಡು ಸ್ನಾನ ಮಾಡಿ, ಅಲ್ಲಿಯೇ ಕೊಟ್ಟ ನಿಲುವಂಗಿಯನ್ನೂ ರಬ್ಬರ್ ಬೂಟನ್ನೂ ತೊಟ್ಟು ಒಳಗೆ ಹೋಗಬೇಕೆಂಬ ಕಟ್ಟಳೆಯಿದೆ. ಹಾಗೆಯೇ ಆಗಲಿ, ಧರ್ಮಾಧ್ಯಕ್ಷನೂ ಸಭಾಪಾಲಕನೂ ಜೊತೆಯಾಗಿ ಮಿಂದು, ತಮ್ಮ ಮತಭೇದದ ಉಡುಪುಗಳನ್ನು ಗೂಟಕ್ಕೆ ತಗುಲಿಹಾಕಿ, ರೈತನ ಹಿಂದೆ ಒಳಗೆ ಹೋಗಲಿ. ರೋಗಪೀಡಿತ ಪಶುಗಳಿಗಾಗಿ ಓದತಕ್ಕ ಪ್ರಾರ್ಥನೆ ಹಳೆಯ ವಿಧಿಗ್ರಂಥದಲ್ಲಿ ಸಿದ್ಧವಾಗಿದೆ. ಅದರ ಜೊತೆಗೆ ಇನ್ನೊಂದನ್ನು ಹೊಸದಾಗಿ ರಚಿಸಬೇಕಾದೀತು. ಸಾಲ ಕೊಟ್ಟವರು, ಬೆಲೆ ಕಟ್ಟಿದವರು, ಕಾನೂನು ಬರೆದವರು, ಮತ್ತು ಮಾಂಸ ಅಗ್ಗವಾಗಿರಲೆಂದು ಪ್ರತಿದಿನವೂ ಅಂಗಡಿಯಲ್ಲಿ ಕೇಳಿಕೊಂಡವರು, ಇವರೆಲ್ಲರ ಪರವಾಗಿ ಕ್ಷಮೆ ಬೇಡುವ ಆ ಪ್ರಾರ್ಥನೆಯನ್ನು ಬರೆಯುವ ಕೆಲಸಕ್ಕೆ ಆ ನಾಡಿನ ಧರ್ಮಶಾಸ್ತ್ರಜ್ಞರ ಜೊತೆಗೆ ರೈತರೂ ಕುಳಿತುಕೊಳ್ಳಬೇಕು.